ವರ್ಷ ತುಂಬದ ತೊಟ್ಟಿಗೆ ಅನಿಮೋನ್ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮನೆಯೊಳಗಿನ ಉಪ್ಪುನೀರಿನ ಅಕ್ವೇರಿಯಂ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಮುದ್ರವನ್ನು ನೋಡಬೇಕಾದರೆ ಘಟ್ಟ ಇಳಿಯಬೇಕಾದ ನಮ್ಮ ಮೈಸೂರಿನಲ್ಲಿ ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಅಪರೂಪ, ಆದ್ದರಿಂದ ಲೇಖಕರಿಗೆ ಮೊದಲು ಅಭಿನಂದನೆ ಸಲ್ಲಬೇಕು. ಆದರೆ ಮಕ್ಕಳು ‘ನೀಮೋ’ ಎಂದು ಕರೆಯುವ ಕ್ಲೌನ್ ಮೀನಿನ ಜೋಡಿಯ ಜೊತೆಗೆ ಕಡಲ ಹೂವು ಎನ್ನುವ ಒಂದು ಸೀ ಅನಿಮೋನನ್ನೂ ತಂದು ಬಿಟ್ಟರೆ ತೊಟ್ಟಿಗೆ ಕಳೆ ಬರುತ್ತದೆ ಎಂದು ಲೇಖನದ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿರುವುದನ್ನು ಓದಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ. ಅಂಥದೇ ಮಾತನ್ನು ಅಂಗಡಿಯೊಂದರಲ್ಲಿ ಕೇಳಿ, ನಂಬಿ, ದುಡ್ಡು ಕೊಟ್ಟು ಅನಿಮೋನ್ ತಂದು ಪೇಚಿಗೆ ಸಿಕ್ಕಿಕೊಂಡವನು ಮಂಡ್ಯದಲ್ಲಿರುವ ನನ್ನ ಸೋದರಳಿಯ. ಅವನ ತೊಟ್ಟಿಯ ಮುಂದೆ ಎರಡು ಹಗಲು ಕುಳಿತು ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ 30 ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಕಳೆದ 11 ವರ್ಷಗಳಿಂದ ಮನೆಯ ಪಡಸಾಲೆಯಲ್ಲಿ 300 ಲೀಟರಿನ ಉಪ್ಪುನೀರಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ಅನಿಮೋನನ್ನು ಕಡಲ ಹೂವು ಎಂದು ಕರೆಯುವುದು ರೂಢಿಯಾಗಿರುವುದರಿಂದ, ಅಲಂಕಾರಕ್ಕೆ ಒಂದು ಗಿಡ ತಂದು ನೆಟ್ಟ ಹಾಗೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಹವಳದ, ಲೋಳೆಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಅದಕ್ಕೆ ಎಲುಬಿಲ್ಲ, ಹೃದಯವಿಲ್ಲ, ಮಿದುಳಿಲ್ಲ. ನಡುವೆ ಇರುವ ಒಂದೇ ಬಾಯಿಯಿಂದ ತಿನ್ನುತ್ತದೆ, ಅದರಿಂದಲೇ ಕಸವನ್ನೂ ಹೊರಗೆ ಹಾಕುತ್ತದೆ. ಕೆಳಗಿನ ಪಾದದಿಂದ ಕಲ್ಲನ್ನು ಹಿಡಿದು ಕೂರುತ್ತದೆ, ಜಾಗ ಸರಿಬರದಿದ್ದರೆ ಅದೇ ಪಾದದಿಂದ ತೆವಳಿ ಬೇರೆ ಕಡೆಗೆ ಹೋಗುತ್ತದೆ. ಕ್ಲೌನ್ ಮೀನುಗಳಿಗೆ ಆಸರೆ ಕೊಡುವ ಜಾತಿಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ನೆಲೆಸಿರುತ್ತವೆ. ಅವು ಬೆಳಕಿನಲ್ಲಿ ತಯಾರಿಸುವ ಸಕ್ಕರೆಯೇ ಅನಿಮೋನಿನ ದಿನನಿತ್ಯದ ಮುಖ್ಯ ಆಹಾರ. ಆರೋಗ್ಯವಾಗಿರುವ ಅನಿಮೋನ್ ಕಂದು ಬಣ್ಣಕ್ಕೆ ತಿರುಗಿರುವುದು ಈ ಪಾಚಿಯಿಂದಲೇ. ಅಂಗಡಿಯ ಗಾಜಿನೊಳಗೆ ಹಾಲಿನಂತೆ ಬೆಳ್ಳಗೆ ಹೊಳೆಯುವ ಅನಿಮೋನನ್ನು ಕಂಡು ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿ ತರುವವರು, ಪಾಚಿಯನ್ನು ಕಳೆದುಕೊಂಡು ಹಸಿದಿರುವ ರೋಗಿಯನ್ನೇ ಮನೆಗೆ ತರುತ್ತಿರುತ್ತಾರೆ. ಅಚ್ಚ ಹಳದಿ ಅಥವಾ ಗುಲಾಬಿ ಬಣ್ಣದಲ್ಲಿ ಮಾರಾಟವಾಗುವವುಗಳಲ್ಲಿ ಬಹಳಷ್ಟು ಇಂಥ ಬಿಳಿಚಿದವಕ್ಕೇ ಬಣ್ಣ ಕುಡಿಸಿದವು, ಆ ಬಣ್ಣ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ.

ಅನಿಮೋನಿನ ಆಯುಷ್ಯ ಎಷ್ಟೆಂದು ಅಂಗಡಿಯವರನ್ನು ಕೇಳಿದರೆ ಆರು ತಿಂಗಳು, ಹೆಚ್ಚೆಂದರೆ ವರ್ಷ ಎನ್ನುತ್ತಾರೆ. ಅದು ನಮ್ಮ ತೊಟ್ಟಿಗಳಲ್ಲಿ ಅನಿಮೋನ್ ಸಾಯಲು ತೆಗೆದುಕೊಳ್ಳುವ ಕಾಲವೇ ಹೊರತು ಅದರ ಆಯುಷ್ಯವಲ್ಲ. ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ನಾರ್ತ್ ಬೆರಿಕ್ ಕಡಲತೀರದಿಂದ ತಂದು ಗಾಜಿನ ಜಾಡಿಯಲ್ಲಿಟ್ಟ ಅನಿಮೋನೊಂದು ಅವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟುತ್ತ ಎಡಿನ್‌ಬರೊದಲ್ಲಿ 1887ರವರೆಗೆ ಬದುಕಿತ್ತು. ಅದನ್ನು ಅಲ್ಲಿನವರು ಅಜ್ಜಿ ಎಂದೇ ಕರೆಯುತ್ತಿದ್ದರಂತೆ. ಅದು ತಂಪು ಕಡಲಿನ ಗಟ್ಟಿ ಜಾತಿ, ನಮ್ಮ ಹವಳ ದಿಬ್ಬಗಳ ಅನಿಮೋನಿಗಿಂತ ಸಾಕಲು ಸುಲಭ ಎಂಬುದು ನಿಜ. ಆದರೂ ಪಂಪು, ದೀಪ, ಶೋಧಕ ಯಾವುದೂ ಇಲ್ಲದ ಕಾಲದಲ್ಲಿ, ಹೊತ್ತಿಗೆ ಸರಿಯಾಗಿ ಹೊಸ ಕಡಲನೀರು ಸಿಕ್ಕಿದ್ದರಿಂದ ಆ ಜೀವ 59 ವರ್ಷ ಉಳಿಯಿತು.

ಈಗ ಮಂಡ್ಯದ ಸಂಗತಿಗೆ ಬರುತ್ತೇನೆ. ರಾತ್ರಿ ಹತ್ತೂವರೆಗೆ ಅಳಿಯನ ಫೋನು ಬಂತು: ‘ಮಾವ, ಹೂ ಬಾಯ್ ಬುಟ್ಕಂಡ್ ಬಿದ್ದದೆ, ಏನ್ ಮಾಡ್ಲಿ?’ ಮೀನಿನ ಬಿಳಿಚುಕ್ಕೆ ರೋಗಕ್ಕೆ ಅಂಗಡಿಯಲ್ಲಿ ಕೊಡುವ ನೀಲಿ ಔಷಧದ ಬಾಟಲಿಯನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದ. ಅದರಲ್ಲಿ ತಾಮ್ರ ಇತ್ತು. ತಾಮ್ರ ಮೀನಿನ ಮೈಮೇಲಿನ ಪರೋಪಜೀವಿಯನ್ನು ಕೊಲ್ಲುವಂತೆಯೇ ಅನಿಮೋನ್, ಸಿಗಡಿ, ಶಂಖದ ಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳನ್ನೆಲ್ಲ ಕೊಲ್ಲುತ್ತದೆ, ಸಾಲದ್ದಕ್ಕೆ ಕಲ್ಲು ಮರಳುಗಳಲ್ಲಿ ಹಿಂಗಿ ಬಹುಕಾಲ ಉಳಿಯುತ್ತದೆ. ಬಾಟಲಿ ಕೆಳಗಿಡಿಸಿ, ಕೆಟ್ಟ ವಾಸನೆ ಬರುತ್ತಿದೆಯೇ ಎಂದು ಕೇಳಿದೆ. ‘ಇಲ್ಲ ಮಾವ, ಉಪ್ಪುಪ್ಪು ವಾಸ್ನೆ ಅಷ್ಟೇಯ’ ಎಂದ. ಹಾಗಾದರೆ ಜೀವ ಇದೆ, ದೀಪ ಆರಿಸಿ ಮಲಗಿಕೊ ಕಣಪ್ಪ, ಬೆಳಿಗ್ಗೆ ಬರುತ್ತೇನೆ ಎಂದು ಹೇಳಿದೆ. ಸತ್ತ ಅನಿಮೋನಿನ ನಾತ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವಂಥದ್ದಲ್ಲ, ಆದ್ದರಿಂದ ಅನುಮಾನ ಬಂದಾಗ ಕಣ್ಣಿಗಿಂತ ಮೂಗನ್ನು ನಂಬುವುದು ಮೇಲು.

ಮರುದಿನ ನನ್ನ ಮನೆಯಲ್ಲಿ ಸಿದ್ಧವಾಗಿದ್ದ ಉಪ್ಪುನೀರನ್ನು 25 ಲೀಟರಿನ ಕ್ಯಾನಿಗೆ ತುಂಬಿಕೊಂಡು ಬೆಳಗಿನ ರೈಲು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗಂಗಾಜಲವೇ ಸ್ವಾಮಿ ಎಂದು ಕೇಳಿದರು. ಹೌದೆನ್ನಲೂ ಅಲ್ಲವೆನ್ನಲೂ ತೋಚದೆ ನಕ್ಕು ಸುಮ್ಮನಾದೆ. ಅಳಿಯನ ತೊಟ್ಟಿ 120 ಲೀಟರಿನದು, ನೀರು ತುಂಬಿ ಒಂಬತ್ತು ವಾರವಾಗಿತ್ತು. ಅನಿಮೋನ್ ಪಾದವನ್ನು ಎಲ್ಲಿಯೂ ಊರದೆ, ಹಿಂಡಿದ ನಿಂಬೆಹೋಳಿನಂತೆ ಮುದುಡಿ, ಪಂಪಿನ ಕೆಳಗೆ ಮರಳಿನ ಮೇಲೆ ಹೊರಳುತ್ತಿತ್ತು. ಬಾಯಿ ಸಡಿಲವಾಗಿ ತೆರೆದು ಒಳಗಿನ ಬಿಳಿಯ ಪೊರೆ ಹೊರಗೆ ಇಣುಕಿತ್ತು. ಉಪ್ಪಿನ ಅಂಶವನ್ನು ತಿಳಿಸುವ ನೀರಿನ ಸಾಂದ್ರತೆ ಅಳೆದರೆ 1.031 ಬಂತು, ಇರಬೇಕಾದದ್ದು 1.025ರ ಆಸುಪಾಸು. ಅಮೋನಿಯಾ ಪರೀಕ್ಷೆಯ ನಳಿಕೆಯಲ್ಲಿ ಹಳದಿಯಾಗಿಯೇ ಉಳಿಯಬೇಕಾದ ನೀರು ತಿಳಿಹಸಿರಿಗೆ ತಿರುಗಿತು. ಈ ಎರಡು ತಪ್ಪುಗಳೂ ಹೊಸಬರೆಲ್ಲರೂ ಮಾಡುವಂಥವೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಇಳಿದಷ್ಟನ್ನೂ ಅಳಿಯ ಉಪ್ಪುನೀರಿನಿಂದಲೇ ತುಂಬುತ್ತ ಬಂದಿದ್ದರಿಂದ, ಅವರೆಕಾಳು ಸಾರು ಬತ್ತಿದಂತೆಲ್ಲ ಉಪ್ಪು ಸೇರಿಸಿದ ಹಾಗೆ, ತೊಟ್ಟಿ ವಾರ ವಾರಕ್ಕೂ ಉಪ್ಪಾಗುತ್ತ ಹೋಗಿತ್ತು. ಇಳಿದ ಮಟ್ಟಕ್ಕೆ ಶುದ್ಧವಾದ ಸಿಹಿನೀರನ್ನೇ ಸೇರಿಸಬೇಕು, ಸಾಧ್ಯವಾದರೆ ದಿನವೂ ಸ್ವಲ್ಪ ಸ್ವಲ್ಪ. ಹಾಗೆಂದು ಏರಿದ ಉಪ್ಪನ್ನು ಒಂದೇ ದಿನದಲ್ಲಿ ಇಳಿಸಲು ಹೋದರೆ ಬಳಲಿದ ಪ್ರಾಣಿ ಆ ಏರಿಳಿತಕ್ಕೇ ಸಾಯಬಹುದು. ದಿನಕ್ಕೆ 0.001ರಂತೆ ಇಳಿಸುತ್ತ ಹೋಗಿ ಎಂದು ಹೇಳಿಕೊಟ್ಟು ಬಂದಿದ್ದೆ, ಅವನು ಐದು ದಿನ ತೆಗೆದುಕೊಂಡ. ಅಮೋನಿಯಾಕ್ಕೆ ಕಾರಣ ಬೇರೆ. ಅನಿಮೋನ್ ಸೊರಗಿದೆ ಎಂದು ಮರುಗಿ ಇಡೀ ಸಿಗಡಿಯೊಂದನ್ನು ಅದರ ಬಾಯಿಗೆ ತುರುಕಿದ್ದ. ಅದು ಅರಗಿಸಲಾರದೆ ಹೊರಗೆ ಉಗುಳಿದ್ದು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿತ್ತು.

ತೊಟ್ಟಿಯ ವಯಸ್ಸಿನ ಪ್ರಶ್ನೆ ಬರುವುದು ಇಲ್ಲಿಯೇ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟಾಗಿಯೂ ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟಾದರೆ ಗಟ್ಟಿ ಜಾತಿಯ ಒಂದೆರಡು ಮೀನು ಬಿಡಬಹುದು. ಅನಿಮೋನಿಗೆ ಅಷ್ಟು ಸಾಲದು. ತೊಟ್ಟಿಯ ಉಪ್ಪು, ಕ್ಷಾರ, ತಾಪ, ಪಾಚಿ, ಸೂಕ್ಷ್ಮಜೀವಿಗಳೆಲ್ಲ ತಮ್ಮ ತಮ್ಮಲ್ಲಿ ಒಂದು ಹದಕ್ಕೆ ಬರಲು ಕನಿಷ್ಠ ಆರು ತಿಂಗಳು ಬೇಕು, ಹೊಸಬರ ಕೈಯಲ್ಲಿ ಒಂದು ವರ್ಷ ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಮಂಡ್ಯದವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಒಂಬತ್ತು ವಾರದ ತೊಟ್ಟಿಗೆ ಅನಿಮೋನ್ ಬಿಡುವುದು ಆಲೆಮನೆಯಲ್ಲಿ ಪಾಕ ಬರುವ ಮೊದಲೇ ಅಚ್ಚಿಗೆ ಹುಯ್ದ ಹಾಗೆ.

ನೀರಿನ ಮೂಲವೂ ನಮ್ಮ ಭಾಗದಲ್ಲಿ ಯೋಚಿಸಬೇಕಾದ ವಿಷಯ. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ, ಕುಡಿಯುವ ನೀರಿಗೆ ಅದು ಬೇಕೇ ಬೇಕು, ತೊಟ್ಟಿಯ ಜೀವಿಗಳಿಗೆ ಆಗದು. ಅಳಿಯ ಬಳಸಿದ್ದು ಮನೆಯ ಬೋರ್‌ವೆಲ್ ನೀರು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 900 ದಾಟಿತು. ಅಂಥ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿದರೆ ಸಾಂದ್ರತೆಯೇನೋ ಸರಿ ತೋರಿಸುತ್ತದೆ, ಆದರೆ ಗಡಸುತನ, ಗದ್ದೆ ಬಯಲಿನ ಗೊಬ್ಬರದಿಂದ ಇಳಿದಿರಬಹುದಾದ ನೈಟ್ರೇಟ್ ಎಲ್ಲವೂ ಅದರೊಂದಿಗೇ ತೊಟ್ಟಿ ಸೇರುತ್ತವೆ. ಆರ್‌ಒ ಯಂತ್ರದಿಂದ ಬಂದ ನೀರನ್ನು ಮತ್ತೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಮೂಲಕ ಹಾಯಿಸಿ ಮೀಟರಿನಲ್ಲಿ ಸೊನ್ನೆ ಬಂದ ಮೇಲೆಯೇ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿ, ಒಂದು ದಿನ ಪಂಪಿನಿಂದ ಕಲಕಲು ಬಿಟ್ಟು ಬಳಸಬೇಕು. ಅಡುಗೆ ಉಪ್ಪು, ಕಲ್ಲುಪ್ಪು ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಡಲನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಗೊತ್ತಾದ ಪ್ರಮಾಣದಲ್ಲಿ ಇರುತ್ತವೆ.

ತಾಪದ ವಿಚಾರದಲ್ಲಿ ನಮ್ಮವರು ಉದಾಸೀನರು. ಮೈಸೂರು ತಂಪು ಊರು ಎಂಬ ಹಳೆಯ ನಂಬಿಕೆಯಲ್ಲಿ ಏಪ್ರಿಲ್ ತಿಂಗಳನ್ನು ಮರೆತುಬಿಡುತ್ತೇವೆ. ಅನಿಮೋನಿಗೆ 25ರಿಂದ 27 ಡಿಗ್ರಿ ಹಿತ, 30 ದಾಟಿ ಕೆಲವು ದಿನ ನಿಂತರೆ ಮೈಯೊಳಗಿನ ಪಾಚಿಯನ್ನು ತಾನೇ ಹೊರದೂಡಲು ಶುರುಮಾಡುತ್ತದೆ. 1998ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದ್ದೂ ಇದೇ ಕಾರಣದಿಂದ. ನೀರನ್ನು ತಂಪು ಮಾಡುವ ಚಿಲ್ಲರ್ ಯಂತ್ರ ಕೊಳ್ಳಲು ಎಲ್ಲರ ಕೈಯಲ್ಲಿ ಆಗುವುದಿಲ್ಲ. ತೊಟ್ಟಿಯ ಮೇಲಿನ ಗಾಜು ತೆಗೆದು ಸಣ್ಣ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆವಿಯಾಗುವ ನೀರನ್ನು ತುಂಬುವ ಕೆಲಸ ಮಾತ್ರ ಹೆಚ್ಚುತ್ತದೆ. ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಒಂದಿರಲೇಬೇಕು.

ಹೊಸದಾಗಿ ತಂದ ಅನಿಮೋನನ್ನು ತೊಟ್ಟಿಗೆ ಬಿಡುವ ಮೊದಲ ಎರಡು ಗಂಟೆಗಳಲ್ಲಿ ಆಗುವ ಅವಸರ ಮುಂದಿನ ಎರಡು ತಿಂಗಳ ಕಷ್ಟಕ್ಕೆ ಮೂಲ. ಚೀಲದ ನೀರಿನೊಂದಿಗೆ ಅದನ್ನು ಶುದ್ಧವಾದ ಬಕೆಟ್ಟಿಗೆ ಇಳಿಸಿ, ತೊಟ್ಟಿಯಿಂದ ಏರ್ ಪಂಪಿನ ಸಣ್ಣ ಕೊಳವೆಯೊಂದನ್ನು ಇಳಿಬಿಟ್ಟು, ಅದಕ್ಕೆ ಗಂಟು ಹಾಕಿ ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಮಾಡಿ, ಬಕೆಟ್ಟಿನ ನೀರು ಮೂರು ಪಟ್ಟಾಗುವವರೆಗೆ ಕಾಯಬೇಕು. ಕೊಳವೆಯನ್ನು ಬಾಯಿಂದ ಎಳೆಯದೆ ನೀರು ತುಂಬಿಸಿ ಇಳಿಬಿಡುವುದು ಒಳ್ಳೆಯದು. ಆಮೇಲೆ ಪ್ರಾಣಿಯನ್ನಷ್ಟೇ ಕೈಯಲ್ಲಿ ಎತ್ತಿ ಬಿಡಬೇಕು, ಚೀಲದ ನೀರನ್ನು ಚೆಲ್ಲಬೇಕು. ಕೊಳ್ಳುವಾಗಲೇ ಪಾದವನ್ನು ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಗಾಜಿನಿಂದ ಕಿತ್ತು ತೆಗೆಯುವಾಗ ಹರಿದ ಪಾದ ವಾಸಿಯಾಗುವುದು ಕಷ್ಟ. ಕಿತ್ತೇ ತೆಗೆಯಬೇಕಾದಲ್ಲಿ ಉಗುರಿನ ತುದಿಯಿಂದ ಅಂಚನ್ನು ಮೆಲ್ಲಗೆ ಬಿಡಿಸುತ್ತ ಹೋಗುವ ತಾಳ್ಮೆ ಬೇಕು, ಇಲ್ಲವೇ ಅದು ಕೂತ ಕಲ್ಲಿನ ಸಮೇತ ಕೊಡಬೇಕು. ಮನ್ನಾರ್ ಕೊಲ್ಲಿಯ ಕಡೆಯಿಂದ ಬರುವ ಕಾರ್ಪೆಟ್ ಅನಿಮೋನಿಗೆ ಪಾದ ಹೂಳಲು ಆಳವಾದ ಮರಳು ಬೇಕು, ಗುಳ್ಳೆತುದಿಯ ಬಬಲ್ ಟಿಪ್ ಜಾತಿಗೆ ಕಲ್ಲಿನ ಬಿರುಕು ಬೇಕು. ಯಾವುದನ್ನು ಕೊಡುತ್ತಿದ್ದೇನೆಂದು ಅಂಗಡಿಯವನಿಗೇ ತಿಳಿಯದಿದ್ದರೆ ಅಲ್ಲಿ ಕೊಳ್ಳದಿರುವುದೇ ವಾಸಿ. ಬೆಳಕನ್ನು ಮೊದಲು ಮಂದವಾಗಿಟ್ಟು ಎರಡು ಮೂರು ವಾರಗಳಲ್ಲಿ ಏರಿಸಬೇಕು.

ಪಂಪಿನ ವಿಚಾರವನ್ನು ನಾನು ನನ್ನ ಕೈಸುಟ್ಟುಕೊಂಡೇ ಕಲಿತೆ. ನನ್ನ ಮೊದಲ ಅನಿಮೋನ್ ಬಂದ ಆರನೆಯ ರಾತ್ರಿ ಇಟ್ಟ ಜಾಗ ಹಿಡಿಸದೆ ಗಾಜಿನ ಮೇಲೆ ತೆವಳುತ್ತ ಹೋಗಿ, ನೀರು ಕಲಕುವ ಪಂಪಿನ ರೆಕ್ಕೆಗೆ ಸಿಕ್ಕಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ತೊಟ್ಟಿಯ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗಾಗಿತ್ತು, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮೀನು ಹೋದವು. ಅದರ ಮೈತುಂಬ ಇರುವ ಕುಟುಕುಕಣಗಳೂ ಕೊಳೆಯುವ ಮಾಂಸವೂ ಸೇರಿ ಸಣ್ಣ ತೊಟ್ಟಿಯನ್ನು ಕೆಲವು ಗಂಟೆಗಳಲ್ಲಿ ವಿಷ ಮಾಡಿಬಿಡುತ್ತವೆ. ಪಂಪಿನ ಬಾಯಿಗೆ ಒಂದು ತುಂಡು ಸ್ಪಂಜನ್ನೋ ಜಾಲರಿಯನ್ನೋ ಕಟ್ಟಿದ್ದರೆ ಅದು ಆಗುತ್ತಿರಲಿಲ್ಲ. ಮಂಡ್ಯದಲ್ಲಿ ನಾನು ಮೊದಲು ಮಾಡಿದ ಕೆಲಸವೂ ಅದೇ: ಪಂಪಿಗೆ ಸ್ಪಂಜು ಸುತ್ತಿ, ಕೊಳೆತ ಸಿಗಡಿಯನ್ನು ಹೀರಿ ತೆಗೆದು, ಒಯ್ದಿದ್ದ ನೀರಿನಿಂದ ಐದರಲ್ಲೊಂದು ಪಾಲು ಬದಲಿಸಿ, ಹಣ್ಣು ತುಂಬುವ ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದು ಒರಟು ಕಲ್ಲಿಟ್ಟು ಅದರ ಮೇಲೆ ಅನಿಮೋನನ್ನು ಮೆಲ್ಲನೆ ಕೂರಿಸಿದೆವು. ಬೇರೆ ಯಾವ ಮದ್ದನ್ನೂ ಹಾಕಲಿಲ್ಲ.

ಕಾಯಿಲೆ ಯಾವುದು, ಸಹಜ ಯಾವುದು ಎಂಬ ವಿವೇಕವೂ ಬೇಕು. ಉಂಡ ಮೇಲೆ, ಅಥವಾ ಹೊಸ ಜಾಗಕ್ಕೆ ಬಂದ ಮೊದಲ ದಿನಗಳಲ್ಲಿ, ಅನಿಮೋನ್ ಮೈಯೊಳಗಿನ ನೀರನ್ನು ಹೊರಗೆ ಬಿಟ್ಟು ಗಾಳಿ ಹೋದ ಬಲೂನಿನಂತೆ ಕುಸಿದು, ಕಂದು ಬಣ್ಣದ ಲೋಳೆಯ ಎಳೆಯನ್ನು ಬಾಯಿಂದ ಉಗುಳಿ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುವುದು ಸಹಜ. ಪಾದ ಗಟ್ಟಿಯಾಗಿ ಹಿಡಿದಿದ್ದು, ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಅದನ್ನು ಮುಟ್ಟಬಾರದು. ದಿನವೂ ಹಲವು ಬಾರಿ ಕುಸಿದು ಅರಳಿ, ಬಾಯಿ ಸಡಿಲವಾಗಿ, ಪಾದ ಬಿಟ್ಟು, ಬಾಯಿಯ ಸುತ್ತಲಿನ ಎಸಳಿನಂಥ ಗ್ರಹಣಾಂಗಗಳು ಬೆರಳಿಗೆ ಅಂಟದಂತಾದರೆ ಆಗ ಕಾಯಿಲೆ. ಮೊದಲ ವಾರ ಆಹಾರ ಕೊಡಲೇಬಾರದು, ಆಮೇಲೂ ವಾರಕ್ಕೊಂದೆರಡು ಸಲ ಕಡಲೆಬೀಜದ ಗಾತ್ರದ ಸಿಗಡಿ ಚೂರು ಸಾಕು. ಕೆಲವು ಜಾತಿಗಳ ಸೋಂಕಿಗೆ ಅನುಭವಸ್ಥ ಹವ್ಯಾಸಿಗಳು ಪ್ರತ್ಯೇಕ ತೊಟ್ಟಿಯಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬಳಸಿ ಉಳಿಸಿಕೊಂಡಿದ್ದುಂಟು. ಆದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮನುಷ್ಯರ ಔಷಧ, ಆ ನೀರು ಕೊನೆಗೆ ಹೋಗುವುದು ನಮ್ಮದೇ ಮೋರಿಗೆ. ನೀರನ್ನು ಸರಿಮಾಡದೆ ಮಾತ್ರೆ ಹುಡುಕುವುದನ್ನು ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ತೊಂದರೆ ಮೂಲದಲ್ಲಿ ಬೇಕಾಗಿಯೇ ಇರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ತೊಟ್ಟಿಯಲ್ಲಿ ಸಾಕಿದ ಕ್ಲೌನ್ ಮೀನಿಗೆ ಅನಿಮೋನ್ ಅಗತ್ಯವೇ ಇಲ್ಲ. ಕಡಲಿನಲ್ಲಿ ಅದು ದೊಡ್ಡ ಮೀನುಗಳಿಂದ ತಪ್ಪಿಸಿಕೊಳ್ಳಲು ಅನಿಮೋನಿನ ಕುಟುಕುವ ಗ್ರಹಣಾಂಗಗಳ ನಡುವೆ ಸೇರಿಕೊಳ್ಳುತ್ತದೆ, ಬೇಟೆಗಾರನಿಲ್ಲದ ತೊಟ್ಟಿಯಲ್ಲಿ ಬರೀ ಕಲ್ಲಿನ ಮೂಲೆಯಲ್ಲಿ ಹಾಯಾಗಿ ಬದುಕಿ ಮೊಟ್ಟೆಯನ್ನೂ ಇಡುತ್ತದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಅಂಥ ಮರಿಗಳನ್ನು ಕೊಂಡರೆ ಕಡಲಿಗೂ ನಷ್ಟವಿಲ್ಲ. ಅನಿಮೋನುಗಳಾದರೋ ಬಹುಪಾಲು ಹವಳ ದಿಬ್ಬಗಳಿಂದ ಕಿತ್ತು ತಂದವೇ. ಜೊತೆಗೆ ಕೆಲವರು ಹವಳದ ತುಂಡುಗಳನ್ನೂ ಮಾರುತ್ತಾರೆ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಒಂದನೇ ಪರಿಶಿಷ್ಟದಲ್ಲಿವೆ ಎಂಬುದು ಕೊಳ್ಳುವವರಿಗೂ ತಿಳಿದಿರಬೇಕು.

ಅಂಗಡಿಗಳಿಗೆ ನಿಯಮವಿಲ್ಲವೇ ಎಂದರೆ, 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಹ್ಯಾಮ್‌ಸ್ಟರ್, ಹಕ್ಕಿಗಳನ್ನು ಹೆಸರಿಸುತ್ತವೆ, ಮೀನು ಆ ಪಟ್ಟಿಯಲ್ಲಿಲ್ಲ. ಅಕ್ವೇರಿಯಂ ಅಂಗಡಿಗಳಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳು ಅದೇ ವರ್ಷ ವಾಪಸಾದವು. ಆ ನಿಯಮಗಳು ಅತಿಯಾಗಿದ್ದವು, ಸಣ್ಣ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆಯುವಂತಿದ್ದವು ಎಂಬುದನ್ನು ಒಪ್ಪುತ್ತೇನೆ. ಅದರ ಬದಲು, ಅನಿಮೋನ್ ಕೊಡುವ ಮುನ್ನ ತೊಟ್ಟಿಗೆ ಎಷ್ಟು ತಿಂಗಳಾಯಿತು ಎಂಬ ಒಂದು ಪ್ರಶ್ನೆಯನ್ನು ಕೇಳುವುದು, ಹೊಸದಾಗಿ ಬಂದದ್ದು ಹತ್ತು ದಿನ ತಮ್ಮಲ್ಲಿಯೇ ಪಾದ ಊರಿ ಆಹಾರ ತಿಂದ ಮೇಲೆ ಮಾರುವುದು, ಇವೆರಡಕ್ಕೆ ಕಾಯ್ದೆ ಬೇಕಿಲ್ಲ. 1969ರಿಂದ ಮಂಗಳೂರಿನಲ್ಲಿರುವ ಮೀನುಗಾರಿಕಾ ಕಾಲೇಜಿನವರು ಮೈಸೂರು, ಮಂಡ್ಯದ ಅಂಗಡಿಯವರಿಗೂ ಹವ್ಯಾಸಿಗಳಿಗೂ ವರ್ಷಕ್ಕೊಂದು ದಿನದ ತರಬೇತಿ ಇಲ್ಲಿಯೇ ನಡೆಸಿದರೆ ಬಹಳ ಉಪಕಾರವಾಗುತ್ತದೆ, ಕನ್ನಡದಲ್ಲಿ ನಡೆಸಿದರೆ ಇನ್ನೂ ಹೆಚ್ಚು.

ಅಳಿಯನ ಅನಿಮೋನ್ ನಾಲ್ಕನೆಯ ದಿನ ಬುಟ್ಟಿಯೊಳಗಿನ ಕಲ್ಲಿಗೆ ಪಾದ ಊರಿತು. ಮೂರು ವಾರವಾದ ಮೇಲೆ ಚೂರು ಸಿಗಡಿ ಹಿಡಿದು ನುಂಗಿತಂತೆ. ಬಣ್ಣ ಇನ್ನೂ ಮಾಸಲು ಬಿಳಿಯೇ, ಬುಡದಲ್ಲಿ ಮಾತ್ರ ಚಹಾದ ಕಲೆಯಷ್ಟು ಕಂದು ಬಂದಿದೆ ಎಂದು ಫೋಟೊ ಕಳಿಸಿದ್ದಾನೆ. ಉಳಿಯಿತು ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಭಾನುವಾರದ ಪುರವಣಿಯಲ್ಲಿ, ಆ ಲೇಖನಕ್ಕೆ ತಿದ್ದುಪಡಿಯಾಗಿ, ಒಂದು ವರ್ಷ ತುಂಬದ ತೊಟ್ಟಿಗೆ ಅನಿಮೋನ್ ತರಬಾರದು ಮತ್ತು ಕ್ಲೌನ್ ಮೀನಿಗೆ ಅದು ಬೇಕಾಗಿಲ್ಲ ಎಂಬ ಎರಡು ಸಾಲುಗಳನ್ನು, ಲೇಖನ ಬಂದಿದ್ದ ಪುಟದಲ್ಲಿಯೇ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಕುವೆಂಪುನಗರ, ಮೈಸೂರು